ಕರಿ ದೋಣಿಯ ಮೇಲೊಂದು ಬಿಳಿ ಕೂದಲು

ದೋಣಿಯ ತಳ ಗೀರಿಸಿಕೊಂಡು ಬರುವವರಲ್ಲಿ ನಿಜ ಹೇಳುವವರು ಒಬ್ಬರೂ ಇಲ್ಲ. ಇದು ಬೆರಳಕ್ಕನ ಮೂವತ್ತಾರು ವರ್ಷದ ಅನುಭವದ ಮಾತು. ದಡದ ಕಲ್ಲಿನ ಮೇಲೆ ದರದರ ಎಳೆದು ತಂದವನು "ಯಾವುದೋ ಕಡ್ಡಿ ತಾಗಿರ್ಬೇಕು" ಅನ್ನುತ್ತಾನೆ. ಕಾರಿನ ತಲೆಯ ಮೇಲಿಂದ ಜಾರಿಸಿ ಬೀಳಿಸಿದವನು "ತಗೊಂಡಾಗ್ಲೇ ಹೀಗಿತ್ತು" ಅನ್ನುತ್ತಾನೆ. ಬೆರಳಕ್ಕ ಎದುರು ಮಾತಾಡುತ್ತಿರಲಿಲ್ಲ. ದೋಣಿಯನ್ನು ಎರಡು ಸ್ಟ್ಯಾಂಡಿನ ಮೇಲೆ ಬೋರಲು ಹಾಕಿಸಿ, ಕಣ್ಣು ಮುಚ್ಚಿ, ಬಲಗೈಯ ನಾಲ್ಕು ಬೆರಳನ್ನು ಮೂತಿಯಿಂದ ಬಾಲದವರೆಗೆ ಒಂದು ಸಲ ಆಡಿಸುತ್ತಿದ್ದಳು.

"ಕಾಂಕ್ರೀಟ್ ಮೇಲೆ ಎಳ್ದಿದ್ದೀರಿ. ಒಬ್ರೇ. ಎಡಕ್ಕೆ ವಾಲಿಸ್ಕೊಂಡು. ನಡುವೆ ಎರಡು ಸಲ ನಿಂತು ಸುಧಾರಿಸ್ಕೊಂಡಿದ್ದೀರಿ. ಇಲ್ಲೊಂದು ಸಲ, ಇಲ್ಲೊಂದು ಸಲ."

ದೋಣಿಯವನ ಮುಖ ಇಂಗು ತಿಂದ ಮಂಗನ ಹಾಗಾಗುತ್ತಿತ್ತು. ಸುಳ್ಳು ಸಿಕ್ಕಿಬಿದ್ದ ದಿನ ಬೆರಳಕ್ಕನಿಗೆ ಊಟ ಎರಡು ತುತ್ತು ಹೆಚ್ಚೇ ಸೇರುತ್ತಿತ್ತು.

ಬೆರಳಿನಿಂದಲೇ ಬಂದ ಹೆಸರು ಅದು. ಹುಟ್ಟಿದಾಗ ಇಟ್ಟ ಹೆಸರು ಬೇರೆ ಇದೆ. ಅದನ್ನು ಹಿಡಿದು ಕೂಗಿದರೆ ಆಕೆ ತಿರುಗಿ ನೋಡುವುದೇ ಅನುಮಾನ. ಅನುಮಾನ ಎಂಬ ಮಾತು ಈ ಕತೆಯಲ್ಲಿ ಹೆಜ್ಜೆ ಹೆಜ್ಜೆಗೂ ಬರುತ್ತದೆ, ಓದುವವರು ಬೇಸರ ಮಾಡಿಕೊಳ್ಳಬಾರದು. ಆಕೆ ಬಾಳಿದ್ದೇ ಹಾಗೆ.

ಹತ್ತೊಂಬತ್ತನೇ ವಯಸ್ಸಿನಲ್ಲಿ ಕೆಲಸ ಕೇಳಿಕೊಂಡು ಬಂದಾಗ ನೀರಿನ ದಂಡೆಯ ಆ ಉದ್ದನೆಯ ತಗಡಿನ ಶೆಡ್ಡು ಒಬ್ಬ ಮುದಿ ಮೇಸ್ತ್ರಿಯದಾಗಿತ್ತು. ಆಗಿನ್ನೂ ಮರದ ದೋಣಿಗಳ ಕಾಲ. ಮೇಸ್ತ್ರಿ ಯಾರನ್ನೂ ಸುಮ್ಮನೆ ಕೆಲಸಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ. ಅವನದೊಂದು ಪರೀಕ್ಷೆ ಇತ್ತು. ನುಣುಪು ಹಲಗೆಯ ಮೇಲೆ ಕಣ್ಣು ಮುಚ್ಚಿಕೊಂಡು ತಲೆಗೂದಲು ಉದುರಿಸುವುದು, ಕಣ್ಣು ಮುಚ್ಚಿಕೊಂಡೇ ಅದರ ಮೇಲೆ ದಿನಪತ್ರಿಕೆಯ ಹಾಳೆ ಹಾಸಿ ಮೂಲೆಗೆ ಟೇಪು ಅಂಟಿಸುವುದು. ಇಟ್ಟವನ ಕಣ್ಣೂ ಸುಳಿವು ಕೊಡಬಾರದು, ಅದಕ್ಕೆ. ಆಮೇಲೆ ಬಂದವರು ಕಾಗದದ ಮೇಲೆ ಕೈಯಾಡಿಸಿ ಕೂದಲು ಎಲ್ಲಿದೆಯೆಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಬೇಕು.

"ಮೂರಿದೆ, ಹುಡುಕು" ಎಂದ ಮೇಸ್ತ್ರಿ.

ಹುಡುಗಿ ಹುಡುಕಿದಳು. ಎರಡು ಗುರುತು ಹಾಕಿ ಪೆನ್ಸಿಲ್ ಕೆಳಗಿಟ್ಟಳು.

"ಇನ್ನೊಂದು?"

"ಇನ್ನೊಂದು ಇಲ್ಲ. ಇರೋದೇ ಎರಡು. ನೀವು ಸುಳ್ಳು ಹೇಳ್ತಿದ್ದೀರಿ."

ಮೇಸ್ತ್ರಿ ಕಾಗದ ಎತ್ತಿ ನೋಡಲೂ ಇಲ್ಲ. "ನಾಳೆ ಏಳಕ್ಕೆ ಬಾ" ಅಂದ. ಲೋಕದ ಬಹುಪಾಲು ಹೆಣ್ಣುಮಕ್ಕಳು ನಂಬಿಕೆಯಿಂದ ಬದುಕು ಶುರುಮಾಡುತ್ತಾರೆ. ಈಕೆಗೆ ಹಿರಿಯನೊಬ್ಬನನ್ನು ಸುಳ್ಳುಗಾರ ಎಂದದ್ದಕ್ಕೆ ಕೆಲಸ ಸಿಕ್ಕಿತು. ಆ ರುಚಿ ಬಿಡುವುದುಂಟೆ? ಮೇಸ್ತ್ರಿ ಹೋದ, ಶೆಡ್ಡು ಆಕೆಯದಾಯಿತು. ಮರ ಹೋಗಿ ಕಾರ್ಬನ್ ಫೈಬರ್ ಬಂತು. ಅನುಮಾನ ಮಾತ್ರ ಹಾಗೇ ಉಳಿಯಿತು.

ಮದುವೆಯಾದ ಎರಡನೇ ವರ್ಷ ಗಂಡನ ಮೇಲೂ ಬಂದಿತ್ತು. ಆತ ಹೊಳೆ ದಾಟಿಸುವ ದೊಡ್ಡ ದೋಣಿಯಲ್ಲಿ ಟಿಕೆಟು ಕೊಡುವ ಕೆಲಸದವನು. ವಾರಕ್ಕೆ ಮೂರು ಸಂಜೆ ತಲೆ ಒದ್ದೆ ಮಾಡಿಕೊಂಡು, ಮನೆಯದ್ದಲ್ಲದ ಸೋಪಿನ ವಾಸನೆ ಹೊತ್ತು ಬರತೊಡಗಿದ. ಬೆರಳಕ್ಕ ಒಂದು ಸಂಜೆ ಬೆನ್ನು ಹತ್ತಿ ಹೋದಳು. ನೋಡಿದರೆ ಈ ಮಹಾಶಯ ಊರಿನ ಈಜುಕೊಳದಲ್ಲಿ, ಏಳೆಂಟು ವರ್ಷದ ಮಕ್ಕಳ ಸಾಲಿನಲ್ಲಿ, ಸೊಂಟಕ್ಕೆ ರಬ್ಬರ್ ಬಳೆ ಹಾಕಿಕೊಂಡು ಕೈಕಾಲು ಬಡಿಯುತ್ತಿದ್ದ. ಹದಿನಾಲ್ಕು ವರ್ಷ ನೀರಿನ ಮೇಲೆ ಕೆಲಸ ಮಾಡಿದವನಿಗೆ ಈಜು ಬರುತ್ತಿರಲಿಲ್ಲ! ಹೆಂಡತಿಗೆ ಹೇಳಲು ನಾಚಿಕೆ. ಇಬ್ಬರೂ ಅವತ್ತು ದಾರಿಯುದ್ದಕ್ಕೂ ನಕ್ಕರು. ಆದರೂ ಆಕೆ ಕೊನೆಗೆ ಹೇಳಿದ ಮಾತು: "ನೋಡಿದ್ರಾ, ಏನೋ ಇದೆ ಅಂದ್ಕೊಂಡಿದ್ದೆ. ಇತ್ತಲ್ಲ!"

ಹೀಗೆ ಗೆದ್ದು ಗೆದ್ದು ರೂಢಿಯಾದವಳಿಗೆ ಐವತ್ತೈದು ತುಂಬಿದ ವರ್ಷ ಒಂದೊಂದೇ ಕೈಕೊಡತೊಡಗಿತು.

ಮೊದಲು ವಾಟರ್ ಪೇಪರ್. ನೀರಲ್ಲಿ ನೆನೆಸಿ ಉಜ್ಜುವ ಕಪ್ಪು ಕಾಗದ ಅದು. ನಂಬರ್ ಹೆಚ್ಚಾದಷ್ಟೂ ನುಣುಪು. ನಾನೂರರಲ್ಲಿ ಶುರುಮಾಡಿ ಎರಡು ಸಾವಿರದಲ್ಲಿ ಮುಗಿಸುವುದು ಕ್ರಮ. ಎಂಟುನೂರರ ಕಾಗದದ ಮೇಲೆ ಬೆರಳಿಟ್ಟರೆ ಎರಡು ಸಾವಿರದ ಹಾಗೆ ಜಾರುತ್ತದೆ. "ಡೂಪ್ಲಿಕೇಟ್ ಮಾಲು" ಎಂದು ಅಂಗಡಿಯವನ ಜೊತೆ ಜಗಳವಾಡಿ ಕಟ್ಟು ಕಟ್ಟೇ ವಾಪಸು ಕಳಿಸಿದಳು. ಹೊಸ ಕಟ್ಟೂ ಹಾಗೇ ಇತ್ತು. ಅಂಗಡಿಯನ್ನೇ ಬದಲಾಯಿಸಿದಳು.

ಆಮೇಲೆ ಗಂಡನ ಟೀ. ಬೆಳಿಗ್ಗೆ ಟೀ ಮಾಡುವುದು ನಿವೃತ್ತಿಯಾದ ಮೇಲೆ ಆತನ ಪಾಲಿಗೆ ಬಂದ ಕೆಲಸ. ಲೋಟ ಕೈಗೆ ತಗೊಂಡ ಕೂಡಲೇ ಈಕೆ ಸಿಡುಕುತ್ತಿದ್ದಳು.

"ಇದೇನ್ರೀ, ತಣ್ಣಗೆ ಇದೆ. ಬೇಜಾರಲ್ಲಿ ಮಾಡೋದಾದ್ರೆ ಮಾಡ್ಬೇಡಿ."

"ಈಗ ತಾನೇ ಇಳ್ಸಿದ್ದು ಕಣೇ!"

"ನನ್ನ ಕೈಗೆ ಗೊತ್ತಾಗಲ್ವಾ? ಇನ್ನೊಂದ್ಸಲ ಕಾಯಿಸಿ."

ಆತ ಪಾಪ, ಇನ್ನೊಂದು ಸಲ ಕೊತಕೊತ ಕುದಿಸಿ ತಂದುಕೊಡುತ್ತಿದ್ದ. ಈಕೆ ಬಾಯಿಗಿಟ್ಟು ನಾಲಗೆ ಸುಟ್ಟುಕೊಂಡು, "ಬೇಕೂಂತ್ಲೇ ಮಾಡಿದ್ರಿ, ಹೇಳಿದ್ದಕ್ಕೆ ಸೇಡು" ಎಂದು ಇನ್ನೊಂದು ಸುತ್ತು ಶುರುಮಾಡುತ್ತಿದ್ದಳು. ಆರು ತಿಂಗಳಿಂದ ಆ ಮನೆಯ ಬೆಳಗು ಹೀಗೇ ನಡೆದಿತ್ತು.

ಮೂರನೆಯದು ತಮ್ಮನ ಹೆಂಡತಿ.

ತಮ್ಮ ಶೆಡ್ಡಿನಲ್ಲಿ ಅಕ್ಕನ ಜೊತೆ ಇಪ್ಪತ್ತು ವರ್ಷದಿಂದ ಇದ್ದ. ದೋಣಿಗೆ ಮೆರುಗಿನ ಲ್ಯಾಕರ್ ಹೊಡೆಯುವುದು, ಸಾಮಾನು ತರುವುದು, ಗಿರಾಕಿಗಳ ಹತ್ತಿರ ನಗುನಗುತ್ತಾ ಮಾತಾಡುವುದು ಅವನ ಕೆಲಸ; ಯಾಕೆಂದರೆ ಅಕ್ಕನಿಗೆ ಆ ಕೊನೆಯದು ಬರುತ್ತಿರಲಿಲ್ಲ. ಅವನ ಹೆಂಡತಿ ಬಟ್ಟೆ ಫ್ಯಾಕ್ಟರಿಯಲ್ಲಿ ಕಾಲರ್ ಹೊಲಿಯುತ್ತಿದ್ದಳು. ಆರು ತಿಂಗಳ ಹಿಂದೆ ಫ್ಯಾಕ್ಟರಿ ಮುಚ್ಚಿದಾಗ, "ಅವ್ಳನ್ನೂ ಇಲ್ಲಿಗೇ ಕರ್ಕೊಂಡು ಬರ್ಲಾ ಅಕ್ಕ? ಕೈ ಚುರುಕಿದೆ" ಎಂದು ತಮ್ಮ ಕೇಳಿದ. ಬೆರಳಕ್ಕ ಬೇಡ ಅನ್ನಲಿಲ್ಲ. ಪರೀಕ್ಷೆ ಮಾಡಿದಳು.

ತನ್ನ ತಲೆಯಿಂದಲೇ ಒಂದು ಕೂದಲು ಕಿತ್ತು, ಕಣ್ಣು ಮುಚ್ಚಿ ಹಲಗೆಯ ಮೇಲೆ ಉದುರಿಸಿ, ಪತ್ರಿಕೆ ಹಾಸಿದಳು. ತಮ್ಮನ ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ಬಂದು ಕಾಗದ ಸವರಿದಳು. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ, ಮೂಲೆಯೊಂದರಲ್ಲಿ ಪೆನ್ಸಿಲ್ ಗೆರೆ ಎಳೆದಳು.

ಬೆರಳಕ್ಕ ಆ ಗೆರೆಯ ಮೇಲೆ ಬೆರಳಾಡಿಸಿದಳು. ಒಂದು ಸಲ, ಎರಡು ಸಲ. "ಇಲ್ಲೇನೂ ಇಲ್ಲ. ಅಂದಾಜಿಗೆ ಹೇಳ್ಬಾರ್ದು."

"ಇದೆ ಅತ್ತಿಗೆ."

"ಕಾಗದ ಎತ್ತಿ ನೋಡೋಣ್ವಾ?" ಎಂದ ತಮ್ಮ.

"ನಾನು ಕೈಯಿಟ್ಟು ನೋಡಿದ್ಮೇಲೆ ಕಾಗದ ಎತ್ತೋದೇನು? ಮೇಸ್ತ್ರಿ ಎತ್ತಿದ್ರಾ?" ಎಂದು ಆಕೆ ಎದ್ದು ಹೋದಳು. ತಮ್ಮನ ಹೆಂಡತಿಗೆ ದೋಣಿ ತೊಳೆಯುವುದು, ಟೇಪು ಅಂಟಿಸುವುದು, ಬ್ರಷ್ಷು ತೊಳೆಯುವುದು ಇಷ್ಟೇ ಕೆಲಸ ಸಿಕ್ಕಿತು. ಉಜ್ಜುವುದಕ್ಕೆ ಮಾತ್ರ ಕೈ ಹಚ್ಚುವ ಹಾಗಿರಲಿಲ್ಲ. ಆಕೆ ಮರುಮಾತಾಡದೆ ಒಪ್ಪಿಕೊಂಡದ್ದೇ ಬೆರಳಕ್ಕನ ಕಣ್ಣಿಗೆ ಚುಚ್ಚಿತು. ಇಷ್ಟು ಸುಲಭವಾಗಿ ಒಪ್ಪುವವರು ಒಳಗೆ ಏನಾದರೂ ಇಟ್ಟುಕೊಂಡಿರುತ್ತಾರೆ, ಅಲ್ಲವೇ?

ದೋಣಿ ರೇಸಿನ ಕ್ಲಬ್ಬಿನ ಕೋಚ್ ಆ ಕರಿ ದೋಣಿ ತಂದದ್ದು ಒಂದು ಸೋಮವಾರ ಬೆಳಿಗ್ಗೆ. ಒಬ್ಬರೇ ಕೂತು ಹುಟ್ಟು ಹಾಕುವ ರೇಸಿನ ದೋಣಿ. ಉದ್ದ ಎಂಟು ಮೀಟರು, ಅಗಲ ಒಬ್ಬರು ಮುದುಡಿ ಕೂರುವಷ್ಟು. ಭಾರ ಎಷ್ಟಪ್ಪಾ ಅಂದರೆ, ಒಬ್ಬರೇ ಹೆಗಲ ಮೇಲೆ ಹೊತ್ತು ನಡೆಯಬಹುದು. ಒಳಗಡೆ ಕರಿ ದಾರದ ನೇಯ್ಗೆ, ಮೇಲೆ ಗಾಜಿನಂಥ ತೆಳು ಲ್ಯಾಕರ್. ಆ ಗಾಜಿನ ಮೇಲೆ ಮೂತಿಯಿಂದ ಬಾಲದ ತನಕ ಬೆಕ್ಕು ಪರಚಿದ ಹಾಗೆ ಬಿಳಿ ಗೆರೆಗಳು.

"ಏನೋ ಒಂದು ಸಣ್ಣ ಕಡ್ಡಿ..." ಎಂದು ಶುರುಮಾಡಿದ ಕೋಚ್.

"ಇಳಿಜಾರಿನ ಸಿಮೆಂಟು" ಅಂದಳು ಬೆರಳಕ್ಕ. ಈ ಸಲ ಕಣ್ಣು ಬಿಟ್ಟುಕೊಂಡೇ ಹೇಳಿದಳು, ಅಷ್ಟು ಢಾಳಾಗಿ ಕಾಣುತ್ತಿತ್ತು.

ಕೋಚ್ ನಗಲಿಲ್ಲ. "ಭಾನುವಾರ ರೇಸು ಬೆರಳಕ್ಕ. ಶುಕ್ರವಾರ ಹತ್ತು ಗಂಟೆಗೆ ಬರ್ತೀನಿ. ನೀವು ಕೈಯಾಡಿಸಿ 'ಆಯ್ತು' ಅಂದ್ರೆ ನಾನು ಇನ್ನೇನೂ ನೋಡಲ್ಲ, ಹೊತ್ಕೊಂಡು ಹೋಗ್ತೀನಿ. ಆದ್ರೆ..." ಎಂದು ತಮ್ಮನ ಮುಖ ನೋಡಿದ. "ಹೋದ ಎರಡು ದೋಣೀಲಿ ಗೆರೆ ಉಳಿದಿತ್ತು. ಕ್ಲಬ್ಬಿನವ್ರು ಹೊಸ ವರ್ಕ್‌ಶಾಪಿಗೆ ಕೊಡಿ ಅಂತಿದ್ದಾರೆ. ನಾನೇ ತಡೆದಿದ್ದೀನಿ. ಇದೊಂದು ಸಲ."

ಆತ ಹೋದ ಮೇಲೆ ಬೆರಳಕ್ಕ ದೋಣಿಯ ಸುತ್ತ ಒಂದು ಸುತ್ತು ಬಂದಳು. ತಾನು 'ಆಯ್ತು' ಅಂದು ಕಳಿಸಿದ ದೋಣಿಯಲ್ಲಿ ಗೆರೆ! ಮೂವತ್ತಾರು ವರ್ಷದಲ್ಲಿ ಕೇಳದ ಮಾತು. ಆ 'ಆಯ್ತು' ಒಂದು ಹೋದರೆ ತನ್ನ ಹತ್ತಿರ ಇನ್ನೇನಿದೆ? ತಗಡಿನ ಶೆಡ್ಡು, ಎರಡು ಬಕೆಟ್ಟು, ನೋಯುವ ಸೊಂಟ.

ಕೆಲಸ ಶುರುವಾಯಿತು. ಸೋಪಿನ ನೀರಲ್ಲಿ ತೊಳೆದು, ಆಳದ ಗೀರುಗಳಿಗೆ ರೆಸಿನ್ ಅಂಟು ತುಂಬಿ, ಅದು ಗಟ್ಟಿಯಾದ ಮೇಲೆ ತಮ್ಮ ಲ್ಯಾಕರ್ ಹೊಡೆದ. ಇನ್ನು ಉಜ್ಜುವುದು ಅಕ್ಕನ ಪಾಳಿ. ರಬ್ಬರ್ ತುಂಡಿಗೆ ವಾಟರ್ ಪೇಪರ್ ಸುತ್ತಿ, ನೀರು ಚಿಮುಕಿಸುತ್ತಾ, ದೋಣಿ ಓಡುವ ದಿಕ್ಕಿಗೇ ಉದ್ದುದ್ದ ಉಜ್ಜಬೇಕು. ಇಳಿಯುವ ನೀರು ಹಾಲಿನ ಹಾಗೆ ಬೆಳ್ಳಗಿದ್ದರೆ ಲ್ಯಾಕರ್ ಸವೆಯುತ್ತಿದೆ, ಚಿಂತೆಯಿಲ್ಲ. ನೀರು ಕಪ್ಪಾಯಿತೋ, ಕೈ ತೆಗೆಯಬೇಕು. ಒಳಗಿನ ನೇಯ್ಗೆ ಕುಯ್ದುಹೋಗುತ್ತಿದೆ ಎಂದರ್ಥ. ಆಮೇಲೆ ದೋಣಿ ನೋಡುವುದಕ್ಕಷ್ಟೇ.

ಬುಧವಾರ ಸಂಜೆ ಉಜ್ಜಿ ಮುಗಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬೆರಳಾಡಿಸಿದಳು. ಬೆಣ್ಣೆ! ಎಲ್ಲೂ ತಡೆಯಲಿಲ್ಲ. ಸಮಾಧಾನವಾಗಿ ಮನೆಗೆ ಹೋದಳು. ಗುರುವಾರ ಬೆಳಿಗ್ಗೆ ಬಂದು ನೋಡಿದರೆ ಪೂರ್ವದ ಕಿಟಕಿಯಿಂದ ಓರೆಯಾಗಿ ಬಿದ್ದ ಬಿಸಿಲಿನಲ್ಲಿ ತಳದ ತುಂಬ ಎಳೆ ಎಳೆ ಗೆರೆ.

"ಯಾರು ಮುಟ್ಟಿದ್ರು ಇದನ್ನ?"

"ಯಾರು ಮುಟ್ತಾರೆ ಅಕ್ಕ? ನಿನ್ನೆ ಒದ್ದೆ ಇದ್ದಿದ್ದಕ್ಕೆ ಕಂಡಿರ್ಲಿಕ್ಕಿಲ್ಲ. ನೀರು ಗೆರೇನ ಮುಚ್ಚುತ್ತೆ, ನಿನಗ್ಗೊತ್ತಿಲ್ದೇ ಇದ್ಯಾ" ಎಂದ ತಮ್ಮ.

"ನೀರು ಕಣ್ಣಿಗೆ ಮುಚ್ಚುತ್ತೆ. ನನ್ನ ಬೆರಳಿಗೆ ಮುಚ್ಚುತ್ತಾ?"

ಅದಕ್ಕೆ ತಮ್ಮ ತನ್ನ ಹೆಂಡತಿಯ ಕಡೆ ಒಂದು ಗಳಿಗೆ ನೋಡಿದ್ದನ್ನೂ, ಅವಳು ಕಣ್ಣು ತಗ್ಗಿಸಿದ್ದನ್ನೂ ಬೆರಳಕ್ಕ ನೋಡಿದಳು. ಓಹೋ! ಹೀಗಾ ವಿಷಯ!

ಅವತ್ತೆಲ್ಲ ಉಜ್ಜುತ್ತಾ ಲೆಕ್ಕ ಹಾಕಿದಳು. ಬೆಳಿಗ್ಗೆ ಬೀಗ ತೆಗೆಯುವವಳು ಯಾರು? ತಮ್ಮನ ಹೆಂಡತಿ. ಸಂಜೆ ಕೊನೆಗೆ ಬಾಗಿಲು ಹಾಕುವವಳು? ಅವಳೇ. ಪರೀಕ್ಷೆಯಲ್ಲಿ ಬಿದ್ದ ಸಿಟ್ಟು ಇಲ್ಲದೇ ಇದ್ದೀತೇ? ಅತ್ತಿಗೆಯ ಹೆಸರು ಕೆಟ್ಟರೆ ಶೆಡ್ಡು ಯಾರ ಕೈಗೆ ಹೋಗುತ್ತದೆ? ಒರಟು ಕಾಗದ ತಗೊಂಡು ಹತ್ತು ಸಲ ಎಳೆದರೆ ಮುಗಿಯಿತು, ಎರಡು ನಿಮಿಷದ ಕೆಲಸ. ಹೋದ ಎರಡು ದೋಣಿಗಳೂ ಅವಳು ಬಂದ ಮೇಲಿನವೇ! ಬೆರಳಕ್ಕ ನೀರು ತುಂಬುವ ನೆಪದಲ್ಲಿ ಹತ್ತಿರ ಹೋಗಿ ಅವಳ ಉಗುರುಗಳನ್ನು ನೋಡಿದಳು. ಉಗುರಲ್ಲಿ ಕಪ್ಪು ಇತ್ತು. ಆ ಶೆಡ್ಡಿನಲ್ಲಿ ಕೆಲಸ ಮಾಡುವ ಯಾರ ಉಗುರಲ್ಲಿ ಕಪ್ಪಿಲ್ಲ ಎಂಬುದು ಆ ಹೊತ್ತಿಗೆ ತಲೆಗೆ ಹೊಳೆಯಲಿಲ್ಲ.

"ಏನು ಅತ್ತಿಗೆ?"

"ಏನಿಲ್ಲ. ನಿನ್ನೆ ಎಷ್ಟೊತ್ತಿಗೆ ಬಾಗಿಲು ಹಾಕ್ದೆ?"

"ನೀವು ಹೋದ ಹತ್ತು ನಿಮಿಷಕ್ಕೆ."

"ಹತ್ತು ನಿಮಿಷ ಏನ್ಮಾಡ್ತಿದ್ದೆ?"

"ಬಕೆಟ್ ತೊಳೀತಿದ್ದೆ." ಎರಡು ಬಕೆಟ್ಟಿಗೆ ಹತ್ತು ನಿಮಿಷ! ಬೆರಳಕ್ಕ ಅದನ್ನೂ ಮನಸ್ಸಿನಲ್ಲಿ ಗಂಟು ಕಟ್ಟಿಕೊಂಡಳು.

ಸಂಜೆಯ ಹೊತ್ತಿಗೆ ಇಳಿಯುವ ನೀರಿಗೆ ಎಲ್ಲೋ ಒಂದು ಕಡೆ ಬೂದಿ ಬಣ್ಣ ತಿರುಗಿದ ಹಾಗಿತ್ತು. ಆಕೆ ಗಾಬರಿಯಾಗಿ ಕೈ ತೆಗೆದಳು. ಇನ್ನು ಉಜ್ಜುವುದಕ್ಕೆ ಲ್ಯಾಕರ್ ಹೆಚ್ಚು ಉಳಿದಿಲ್ಲ. ನಾಳೆ ಬೆಳಿಗ್ಗೆ ಮತ್ತೆ ಗೆರೆ ಎದ್ದರೆ ಬಹಳವೆಂದರೆ ಒಂದು ಸುತ್ತು. ಹತ್ತಕ್ಕೆ ಕೋಚ್. ಬೆರಳಾಡಿಸಿದಳು. ಬೆಣ್ಣೆ. ನಿನ್ನೆಯೂ ಬೆಣ್ಣೆಯೇ ಇತ್ತಲ್ಲ! ಈ ಸಲ ಕಳ್ಳನನ್ನು ಹಿಡಿಯದೆ ಬಿಡುವುದಿಲ್ಲ ಅಂದುಕೊಂಡಳು.

ತಮ್ಮ ಆಚೆ ಬೈಕು ಒರೆಸುತ್ತಿದ್ದ, ಅವನ ಹೆಂಡತಿ ನಲ್ಲಿಯ ಹತ್ತಿರ. ಬೆರಳಕ್ಕ ತಲೆಯಿಂದ ಉದ್ದನೆಯ ಕೂದಲೊಂದನ್ನು ಕಿತ್ತು, ದೋಣಿಯ ಬಾಲದ ಹತ್ತಿರ ಅಡ್ಡಲಾಗಿ ಇಟ್ಟಳು. ಅದರ ಮೇಲೆ ತೆಳು ಕಾಗದದಿಂದ ಇಡೀ ತಳವನ್ನು ಮುಚ್ಚಿ, ಅಂಚಿಗೆ ಟೇಪು ಒತ್ತಿದಳು. ಕಾಗದ ಎತ್ತಿದರೆ ಕೂದಲು ಜಾರಿ ಬೀಳಲೇಬೇಕು. ಎತ್ತಿ ಮತ್ತೆ ಅಂಟಿಸಿದವರಿಗೆ ಗೊತ್ತೂ ಆಗುವುದಿಲ್ಲ. ಬೆಳಿಗ್ಗೆ ತಾನು ಬಂದು ಕಾಗದದ ಮೇಲೆ ಬೆರಳಾಡಿಸಿದರೆ ಮುಗಿಯಿತು, ಇದೆಯೋ ಇಲ್ಲವೋ ತಿಳಿಯುತ್ತದೆ. ಮೇಸ್ತ್ರಿ ಇದ್ದಿದ್ದರೆ ಭೇಷ್ ಅನ್ನುತ್ತಿದ್ದ.

ಮನೆಯಲ್ಲಿ ಗಂಡ ಆಕೆಯ ಮುಖ ನೋಡಿಯೇ, "ಇವತ್ಯಾರು ಕಳ್ಳರು?" ಎಂದು ಕೇಳಿದ.

"ನಾಳೆ ಹೇಳ್ತೀನಿ."

"ಈಜುಕೊಳಕ್ಕೆ ಹೋಗಿ ನೋಡು, ಅಲ್ಲಿರ್ಬಹುದು" ಎಂದು ಆತ ನಕ್ಕ. ಆಕೆ ನಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ ಬೆರಳಕ್ಕ ಶೆಡ್ಡಿಗೆ ಬಂದಾಗ ಬೀಗ ತೆಗೆದಿತ್ತು, ತಮ್ಮ, ಅವನ ಹೆಂಡತಿ ಇಬ್ಬರೂ ಬಂದಿದ್ದರು. ಆಕೆ ಯಾರನ್ನೂ ಮಾತಾಡಿಸದೆ ಸೀದಾ ದೋಣಿಯ ಬಾಲದ ಹತ್ತಿರ ಹೋಗಿ, ಕಣ್ಣು ಮುಚ್ಚಿ, ಕಾಗದದ ಮೇಲೆ ಬೆರಳಾಡಿಸಿದಳು. ಇಲ್ಲ. ಇನ್ನೊಂದು ಸಲ, ಅಡ್ಡಡ್ಡ, ಉದ್ದುದ್ದ. ಇಲ್ಲ. ಕೂದಲು ಇಲ್ಲ!

"ಸಿಕ್ಕಿಬಿದ್ರಿ" ಎಂದಳು. ಕಣ್ಣು ಬಿಟ್ಟು ಅವರ ಕಡೆ ತಿರುಗಿದಳು. "ಸಿಕ್ಕಿಬಿದ್ರಿ ಇಬ್ರೂ!"

"ಏನಾಯ್ತಕ್ಕ?"

"ಏನಾಯ್ತಾ? ನಾಟಕ ಬೇಡ. ನಿನ್ನೆ ಸಂಜೆ ಇಲ್ಲೊಂದು ಕೂದಲಿಟ್ಟು ಹೋಗಿದ್ದೆ ಕಾಗದದ ಕೆಳಗೆ. ಈಗ ಇಲ್ಲ. ಕಾಗದ ಎತ್ತಿದ್ದು ಯಾರು? ನನ್ನ ತಮ್ಮ, ನಾನೇ ಸಾಕಿದ ತಮ್ಮ, ನೀನಾ? ಇಲ್ಲ ಇವಳಾ? ನನ್ನ ಕೆಲ್ಸದ ಮೇಲೆ ಗೀರಿ ನನ್ನ ಹೆಸರು ಕೆಡಿಸಿ ಇಲ್ಲಿ ಮೆರೀಬೇಕು ಅಂತಿದ್ರೆ ಬಾಯ್ಬಿಟ್ಟು ಹೇಳ್ಬಹುದಿತ್ತು. ನಾನೇ ಎದ್ದು ಹೋಗ್ತಿದ್ದೆ. ಪರೀಕ್ಷೇಲಿ ಬಿದ್ದಿದ್ದಕ್ಕೆ ಇಂಥ ಕೆಲ್ಸನಾ ಮಾಡೋದು? ಥೂ!"

ತಮ್ಮ ಬೆಪ್ಪಾಗಿ ನಿಂತ. ಅವನ ಹೆಂಡತಿಯ ಮುಖ ಕೆಂಪಾಯಿತು. ಆರು ತಿಂಗಳು ಎದುರಾಡದಿದ್ದವಳು ಅವತ್ತು ಎದುರಾಡುತ್ತಾಳೆಂದು ಬೆರಳಕ್ಕ ಕಾದಳು. ಅವಳು ದೋಣಿಯ ಹತ್ತಿರ ಬಂದು, ಅತ್ತಿಗೆ ಸವರಿದ ಜಾಗದ ಮೇಲೆ ತಾನೊಂದು ಸಲ ಬೆರಳಿಟ್ಟಳು. ಆಮೇಲೆ ಉಗುರಿನಿಂದ ಟೇಪು ಬಿಡಿಸಿ, ಕಾಗದವನ್ನು ಹಣ್ಣಿನ ಸಿಪ್ಪೆ ತೆಗೆದ ಹಾಗೆ ನಿಧಾನವಾಗಿ ಹಿಂದಕ್ಕೆ ಸರಿಸಿದಳು.

ಕರಿ ತಳದ ಮೇಲೆ ಬಿಳಿ ಕೂದಲು ಇಟ್ಟ ಹಾಗೇ ಇತ್ತು. ಒದ್ದೆಗೆ ಅಂಟಿಕೊಂಡು ಒಣಗಿತ್ತು. ನಾಲ್ಕು ಹೆಜ್ಜೆ ಆಚೆ ನಿಂತಿದ್ದ ತಮ್ಮನಿಗೂ ಕಂಡಿತು.

ಬೆರಳಕ್ಕ ಅದನ್ನೇ ನೋಡಿದಳು. ಬೆರಳು ಚಾಚಿ ಕೂದಲಿನ ಮೇಲೆಯೇ ಇಟ್ಟಳು. ಕಾಗದವಿಲ್ಲ, ಬಟ್ಟೆಯಿಲ್ಲ, ಬರೀ ಬೆರಳು, ಬರೀ ಕೂದಲು. ಅತ್ತ ಎಳೆದಳು, ಇತ್ತ ಎಳೆದಳು. ಕೂದಲು ಸರಿಯುವುದು ಕಣ್ಣಿಗೆ ಕಾಣುತ್ತಿತ್ತು. ಬೆರಳಿಗೆ ಏನೂ ಇರಲಿಲ್ಲ. ಕೂದಲಿನ ಆಚೆ ಈಚೆ, ಬಿಸಿಲಿನಲ್ಲಿ, ನಿನ್ನೆಯ ಎಳೆ ಗೆರೆಗಳು ಮತ್ತೆ ಎದ್ದಿದ್ದವು. ಯಾರೂ ಮುಟ್ಟದ ದೋಣಿಯಲ್ಲಿ.

ಅಂಗಡಿಯವನ ಜೊತೆಗಿನ ಜಗಳ, ವಾಪಸು ಕಳಿಸಿದ ಕಟ್ಟುಗಳು, ಕ್ಲಬ್ಬಿನ ಎರಡು ದೋಣಿ, ಬೆಳಗಿನ ಟೀ ಎಲ್ಲ ಒಟ್ಟಿಗೆ ನೆನಪಾಯಿತು. ಮೂವತ್ತಾರು ವರ್ಷ ತಣ್ಣೀರು, ರೆಸಿನ್, ಥಿನ್ನರ್, ಗಡಗಡ ನಡುಗುವ ಪಾಲಿಶ್ ಮಿಷನ್ನು. ಲೋಕವನ್ನೆಲ್ಲ ಅನುಮಾನಿಸಿದವಳು ಆ ನಾಲ್ಕು ಬೆರಳನ್ನು ಮಾತ್ರ ಒಂದು ದಿನವೂ ಅನುಮಾನಿಸಿರಲಿಲ್ಲ. ಆಕೆ ಅಲ್ಲೇ ಇದ್ದ ಡಬ್ಬದ ಮೇಲೆ ಕುಕ್ಕರಿಸಿದಳು.

"ಅಕ್ಕ..." ಎಂದ ತಮ್ಮ.

"ಸುಮ್ನಿರು ಸ್ವಲ್ಪ."

ಹತ್ತಕ್ಕೆ ಐದು ನಿಮಿಷ ಇರುವಾಗಲೇ ಕೋಚ್ ಬಂದ. ಒಳಗಿನ ಗಾಳಿ ಸರಿಯಿಲ್ಲವೆಂದು ಅವನಿಗೆ ತಿಳಿಯಲಿಲ್ಲ. "ಎಲ್ಲಿ ಬೆರಳಕ್ಕ, ಕೈಯಾಡಿಸಿ, 'ಆಯ್ತು' ಅನ್ನಿ" ಎಂದ. ಬಿಸಿಲು ಆಗಲೇ ಕಿಟಕಿಯಿಂದ ಮೇಲೇರಿತ್ತು. ಗೆರೆ ಕಣ್ಣಿಗೆ ಕಾಣುತ್ತಿರಲಿಲ್ಲ. ಆಕೆ ಎದ್ದು, ಕಣ್ಣು ಮುಚ್ಚಿ, ಯಾವಾಗಿನ ಹಾಗೆ ಕೈಯಾಡಿಸಿ ಆ ಒಂದು ಮಾತು ಅಂದುಬಿಟ್ಟಿದ್ದರೆ ಆತ ಹೊತ್ತುಕೊಂಡು ಹೋಗುತ್ತಿದ್ದ. ತಮ್ಮ ಬಾಯಿ ಬಿಡುತ್ತಿರಲಿಲ್ಲ. ಅವನ ಹೆಂಡತಿಯೂ ಬಿಡುತ್ತಿರಲಿಲ್ಲ, ಅದು ಅವಳ ಮುಖದಲ್ಲೇ ಇತ್ತು.

ಬೆರಳಕ್ಕ ಎದ್ದಳು. ಕೈ ದೋಣಿಯ ತನಕ ಹೋಯಿತು. ಹಿಂದಕ್ಕೆ ಬಂತು.

"ಆಗಿಲ್ಲ" ಎಂದಳು. "ಗೆರೆ ಇದೆ."

"ಎಲ್ಲಿ? ಕಾಣಲ್ವಲ್ಲ?"

"ಇದೆ. ಎಲ್ಲಿದೆ ಅಂತ ನನ್ನ ಕೈಗೆ ಸಿಕ್ತಾ ಇಲ್ಲ. ಕೈ ಸತ್ತಿದೆ ಕೋಚ್. ಯಾವಾಗಿಂದ ಅಂತ ದೇವ್ರಿಗೇ ಗೊತ್ತು. ನಿಮ್ಮ ಎರಡು ದೋಣಿ ಕೆಟ್ಟಿದ್ದೂ ಅದಕ್ಕೇ." ಒಂದು ಕ್ಷಣ ನಿಂತು, ತಮ್ಮನ ಹೆಂಡತಿಯ ಕಡೆ ತಿರುಗಿದಳು. "ಬಾ ಇಲ್ಲಿ. ನೋಡಿ ಹೇಳು."

ತಮ್ಮನ ಹೆಂಡತಿ ಕೈ ಒರೆಸಿಕೊಂಡು ಬಂದಳು. ಮೂತಿಯಿಂದ ಬಾಲದವರೆಗೆ ಕಣ್ಣು ಮುಚ್ಚಿ ಸವರಿ, ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತಾ ಹೋದಳು. ಹನ್ನೊಂದು ಗುರುತು. ಕೋಚ್ ಮೊಬೈಲಿನ ಬೆಳಕನ್ನು ಓರೆಯಾಗಿ ಹಿಡಿದು ಒಂದೊಂದನ್ನೂ ನೋಡಿದ. ಹನ್ನೊಂದೂ ನಿಜ.

"ನಾಳೆ ಬೆಳಿಗ್ಗೆ ಬರ್ತೀನಿ" ಎಂದಷ್ಟೇ ಹೇಳಿ ಹೋದ.

ಅವತ್ತು ಉಜ್ಜಿದ ಕೈ ತಮ್ಮನ ಹೆಂಡತಿಯದು, ಬಾಯಿ ಬೆರಳಕ್ಕನದು. "ಒತ್ಬೇಡ, ಕಾಗದ ತಾನಾಗಿ ಹೋಗ್ಲಿ. ಸದ್ದು ಕೇಳು, ಸರ್ ಅನ್ನೋದು ಸುಯ್ ಅಂದ ಕೂಡ್ಲೇ ನಿಲ್ಸು. ನೀರು ನೋಡು! ನೀರಿನ ಬಣ್ಣ ನೋಡ್ತಾ ಇರು, ನನ್ನ ಮುಖ ಏನು ನೋಡ್ತೀಯ?" ಕೊನೆಯ ಗುರುತಿನ ಹತ್ತಿರ ನೀರು ಒಂದಿಷ್ಟು ಮಂಕಾಯಿತು. ಕಪ್ಪಾಗುವ ಮೊದಲೇ ಇಬ್ಬರೂ ಒಟ್ಟಿಗೆ "ಸಾಕು" ಅಂದರು.

ಸಂಜೆ ಮನೆಯಲ್ಲಿ ಗಂಡ ಟೀ ಕೊಟ್ಟ. ಲೋಟ ಕೈಯಲ್ಲಿ ತಣ್ಣಗೇ ಇತ್ತು. ಬೆರಳಕ್ಕ ಅದನ್ನು ಮೆಲ್ಲಗೆ ಕೆನ್ನೆಗೆ ತಾಗಿಸಿ, ಚುರ್ ಅಂದ ಕೂಡಲೇ ಹಿಂದೆಳೆದಳು. ಗಂಡ ಗಾಬರಿಯಾದ. "ಆರು ತಿಂಗಳು ಬೈಸ್ಕೊಂಡ್ರಲ್ರೀ, ಒಂದ್ಸಲ ಎದುರು ಹೇಳ್ಬಾರ್ದಾ?" ಎಂದು ಆಕೆ ಅಳತೊಡಗಿದಳು. ಆತನಿಗೆ ತಲೆಬುಡ ತಿಳಿಯಲಿಲ್ಲ. "ದಿನಾ ಹೇಳ್ತಾನೇ ಇದ್ದೆ ಕಣೇ" ಅಂದ. ಹೌದು, ಹೇಳುತ್ತಲೇ ಇದ್ದ.

ಶನಿವಾರ ಬೆಳಿಗ್ಗೆ ಬಿಸಿಲು ಓರೆಯಾಗಿ ಬಿದ್ದಾಗ ತಳದಲ್ಲಿ ಒಂದು ಗೆರೆಯೂ ಇರಲಿಲ್ಲ. ತಮ್ಮನ ಹೆಂಡತಿ ಎರಡು ಸಲ ಸವರಿ ಅತ್ತಿಗೆ ಕಡೆ ನೋಡಿ ತಲೆಯಾಡಿಸಿದಳು. 'ಆಯ್ತು' ಎಂದು ಕೋಚ್‌ಗೆ ಹೇಳಿದ್ದು ಬೆರಳಕ್ಕ. ಇನ್ನೊಬ್ಬರ ಬೆರಳಿನ ಮೇಲೆ ಹೇಳಿದ ಮೊದಲ 'ಆಯ್ತು' ಅದು.

ದೋಣಿ ಹೋದ ಮೇಲೆ ಇಬ್ಬರೇ ಉಳಿದರು. ತಮ್ಮನ ಹೆಂಡತಿ ನಲ್ಲಿಯ ಹತ್ತಿರ ಬಕೆಟ್ ತೊಳೆಯುತ್ತಿದ್ದಳು. ನಿಜಕ್ಕೂ ಒಂದು ಬಕೆಟ್ಟಿಗೆ ಐದು ನಿಮಿಷ ತಗೊಳ್ಳುತ್ತಿದ್ದಳು, ಅಷ್ಟು ನೀಟು.

"ಅವತ್ತು ಆ ಪತ್ರಿಕೆ ಎತ್ತಿ ನೋಡ್ಬೇಕಿತ್ತು ನಾನು" ಎಂದಳು ಬೆರಳಕ್ಕ.

"ನಾನು ನೋಡ್ದೆ ಅತ್ತಿಗೆ. ನೀವು ಎದ್ದು ಹೋದ್ಮೇಲೆ."

"ಕೂದಲು?"

"ಗುರುತಿನ ಕೆಳಗೇ ಇತ್ತು."

ಹಾಗಾದರೆ ಆರು ತಿಂಗಳಿಂದ ಇವಳಿಗೆ ಗೊತ್ತಿತ್ತು. ತಮ್ಮನಿಗೂ ಗೊತ್ತಿತ್ತು. ಹಳೆಯ ಹುಳ ಮತ್ತೆ ತಲೆಯೆತ್ತಿತು.

"ನಾನು ಬೀಳ್ಲಿ ಅಂತ ಕಾಯ್ತಿದ್ಯಾ?"

ನಲ್ಲಿ ನಿಂತಿತು. ತಮ್ಮನ ಹೆಂಡತಿ ಬಕೆಟ್ಟನ್ನು ಬೋರಲು ಹಾಕಿ, ಎದ್ದು ನಿಂತಳು. ಇಲ್ಲ ಅನ್ನುತ್ತಾಳೆ ಎಂದುಕೊಂಡಿದ್ದಳು ಬೆರಳಕ್ಕ. ಅಂದರೆ ಅದನ್ನು ಸುಳ್ಳು ಎಂದು ಹಿಡಿಯುವುದಕ್ಕೆ ತಯಾರಾಗಿಯೂ ಇದ್ದಳು.

"ಎರಡು ತಿಂಗಳು ಕಾಯ್ದೆ" ಎಂದಳು ತಮ್ಮನ ಹೆಂಡತಿ. "ಅಷ್ಟು ಹೊಟ್ಟೆ ಉರಿದಿತ್ತು. ಆಮೇಲೆ ಭಯ ಆಯ್ತು. ನೀವು ಬಿದ್ರೆ ನಂಗೆ ಇದನ್ನ ಕಲಿಸೋರ್ಯಾರು?"

ಬೆರಳಕ್ಕ ಆ ಮುಖವನ್ನೇ ನೋಡಿದಳು. ಎರಡು ತಿಂಗಳು ನಿಜವೋ, ಆರು ತಿಂಗಳೋ. ಭಯ ಮೊದಲೋ, ಹೊಟ್ಟೆಯುರಿ ಮೊದಲೋ. ಸವರಿ ನೋಡುವ ಹಾಗಿದ್ದಿದ್ದರೆ ನೋಡುತ್ತಿದ್ದಳು. ಮೂವತ್ತಾರು ವರ್ಷದಲ್ಲಿ ಮೊದಲ ಸಲ ಒಬ್ಬರ ಮಾತನ್ನು ಹಾಗೇ ಒಪ್ಪಿಕೊಂಡಳು. ಬೇರೆ ದಾರಿಯೂ ಇರಲಿಲ್ಲವೆನ್ನಿ.

"ಸೋಮವಾರ ಏಳಕ್ಕೆ ಬಾ" ಎಂದಳು.